ಮೀಟರಿನಲ್ಲಿ ಒಂಬೈನೂರ ಐವತ್ತೈದು

ಬಸವೇಶ್ವರನಗರ
12 ಜೂನ್ 2024

ಮರಿಯಪ್ಪನವರಿಗೆ ವತ್ಸಲಾಳ ನಮಸ್ಕಾರ.

ಇಷ್ಟು ಹತ್ತಿರದಲ್ಲಿದ್ದುಕೊಂಡು ಇವಳೇನು ಕಾಗದ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ನಾಲ್ಕನೆಯ ಸಲ ನಿಮ್ಮ ಸೊಸೆ ರಮ್ಯ ಎತ್ತಿ, "ಮಾವ ತೋಟಕ್ಕೆ ಹೋಗವ್ರೆ ಆಂಟಿ" ಅಂದಳು. ಹೆಗ್ಗನಹಳ್ಳಿಯಲ್ಲಿ ಈಗ ತೋಟ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಹೋದ ಭಾನುವಾರ ಬಸ್ಸು ಹತ್ತಿ ಸುಂಕದಕಟ್ಟೆಯಲ್ಲಿ ಇಳಿದು ನಿಮ್ಮ ಬೀದಿಯ ತನಕ ಬಂದೆ. ನೀವು ಹಾಲಿನ ಬೂತಿನ ಮುಂದೆ ನಿಂತು ಪೇಪರ್ ಓದುತ್ತಿದ್ದಿರಿ. ನಾನು ಬೂತಿನ ಪಕ್ಕಕ್ಕೆ ಸರಿದು ನಿಂತೆ. ಬೂತಿನವನು "ಏನ್ ಬೇಕು ಆಂಟಿ" ಎಂದು ಕೂಗಿದ್ದಕ್ಕೆ ಗಾಬರಿಯಾಗಿ ಅಲ್ಲಿಂದ ಹೊರಟೇಬಿಟ್ಟೆ. ಐವತ್ತೊಂಬತ್ತು ವರ್ಷದ ಹೆಂಗಸು ಹಾಲಿನ ಬೂತಿನಿಂದ ಓಡಿ ಹೋಗುವುದನ್ನು ನಿಮ್ಮ ಬೀದಿಯವರು ಮೊದಲ ಸಲ ನೋಡಿರಬೇಕು.

ನೀವು ಬಿಟ್ಟು ಹೋದ ಮೇಲೆ ಟೈಟಾನಿಯಂ ಫರ್ನೇಸಿಗೆ ಕೊಟ್ರೇಶ್ ಬಂದಿದ್ದಾನೆ. ಬಿಟ್ಟು ಹೋದ ಮೇಲೆ ಎಂದು ಬರೆದೆ. ನಿಮ್ಮನ್ನು ಬಿಡಿಸಿದ ಮೇಲೆ ಎಂದು ಬರೆಯಬೇಕಿತ್ತು. ರಾಜಾಜಿನಗರದ ಆ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ನೀವು ಕೆಳಗೆ ಬೋಲ್ಟು ಕಾಯಿಸಿ ನೀರಿಗೆ ಅದ್ದಿದಿರಿ, ನಾನು ಮಹಡಿಯ ಲ್ಯಾಬಿನಲ್ಲಿ ಅದರ ಗಡಸುತನ ಅಳೆದು ಸಹಿ ಹಾಕಿದೆ. ಒಂದು ಬ್ಯಾಚು ಗಿರಾಕಿಯ ಪರೀಕ್ಷೆಯಲ್ಲಿ ಮುರಿಯಿತು, ನೀವು ಮನೆಗೆ ಹೋದಿರಿ, ನಾನು ಈಗಲೂ ಸಹಿ ಹಾಕುತ್ತಿದ್ದೇನೆ.

ಕಣ್ಣಿನ ಆಪರೇಷನ್ ಆಯಿತೆಂದು ಕೇಳಿದೆ. ಈಗ ಹೇಗಿದೆ? ನಿಮ್ಮ ಮನೆಯವರು, ಬೋರಮ್ಮನವರು, ಹೇಗಿದ್ದಾರೆ? ನಿಮಗೆ ಹೇಳಬೇಕಾದದ್ದು ಒಂದಿದೆ. ಈ ಕಾಗದದಲ್ಲಿ ಅದು ಬರುತ್ತದೆ ಎಂದುಕೊಂಡು ಕೂತೆ, ಬರಲಿಲ್ಲ.

ವತ್ಸಲಾ


ಹೆಗ್ಗನಹಳ್ಳಿ
24 ಜೂನ್ 2024

ವತ್ಸಲಾ ಮೇಡಂ ಅವರಿಗೆ ಮರಿಯಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬರಲು ಆರು ದಿನ ಹಿಡಿಯಿತು. ನಡೆದು ಬಂದಿದ್ದರೂ ಒಂದು ಗಂಟೆಯ ದಾರಿ. ತೋಟದ ವಿಷಯಕ್ಕೆ ರಮ್ಯಳನ್ನು ಬೈಯಬೇಡಿ, ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ತೋಟವಿದ್ದ ಜಾಗದಲ್ಲಿ ಈಗ ನಮ್ಮದೇ ಬಾಡಿಗೆ ಮನೆಗಳಿವೆ. ನನಗೆ ಊಟಕ್ಕೆ ಏನೂ ಕಡಿಮೆಯಿಲ್ಲ. ನಾನು ಫರ್ನೇಸ್ ಮುಂದೆ ನಿಲ್ಲುತ್ತಿದ್ದದ್ದು ಊಟಕ್ಕಾಗಿ ಅಲ್ಲ, ಅದು ನಿಮಗೂ ಗೊತ್ತು.

ಶ್ರೀಗಂಧದ ಕಾವಲಿನಲ್ಲಿ ನಮ್ಮ ಬೀಗರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಎಲೆ ಹಾಕಿ ಕೂತಿದ್ದಾಗ ಪಕ್ಕದವನು, "ಬೋಲ್ಟ್ ಸುಟ್ಟ ಮರಿಯಪ್ಪ ಅಂದ್ರೆ ಇವ್ರೇನಾ" ಎಂದು ಇನ್ನೊಬ್ಬನನ್ನು ಕೇಳಿದ. ಪಾಯಸ ಬರುವ ಮುಂಚೆ ಎದ್ದು ಬಂದೆ. ಅಂದಿನಿಂದ ನೆಂಟರ ಮನೆಗೆ ಬೋರಮ್ಮ ಒಬ್ಬಳೇ ಹೋಗುತ್ತಾಳೆ.

ಕಣ್ಣಿಗೆ ಆಪರೇಷನ್ ಆಗಿಲ್ಲ. ತೋರಿಸಿದೆ. ಪೊರೆ ಇಲ್ಲ, ಏನೂ ಇಲ್ಲ, ದೂರದ್ದು ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿದರು. ಹೋದ ಅಕ್ಟೋಬರಿನಲ್ಲಿ ಆ ಬ್ಯಾಚು ಒಳಗಿದ್ದಾಗ ನಾನು ಇಣುಕುಕಂಡಿಯಲ್ಲಿ ನೋಡಿ, "ಮೇಡಂ, ಬಣ್ಣ ಹಳದಿಗೆ ತಿರುಗ್ತಾ ಐತೆ, ಶಾಖ ಜಾಸ್ತಿ ಆಗೈತೆ" ಅಂದೆ. ನೀವು ಎಲ್ಲರ ಮುಂದೆ, "ಮೀಟರ್ ನೋಡಿ ಮರಿಯಪ್ಪ, ಒಂಬೈನೂರ ಐವತ್ತೈದು ತೋರಿಸ್ತಿದೆ, ಕಣ್ಣಲ್ಲಿ ಡಿಗ್ರಿ ಅಳೆಯೋ ಕಾಲ ಹೋಯ್ತು" ಅಂದಿರಿ. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಅದು ನಿಮಗೆ ನೆನಪಿದೆಯೋ ಇಲ್ಲವೋ.

ನನಗೆ ಯಾರ ಮೇಲೂ ಕೋಪವಿಲ್ಲ. ಒಂದೇ ಒಂದು ವಿಷಯ ಕೇಳುತ್ತೇನೆ. ಆ ಬ್ಯಾಚು ಹೊರಬಂದ ಮೇಲಿನ ಸೋಮವಾರ ನೀವು ಮೆಟ್ಟಿಲಿಳಿದು ಬಂದು, ಗಡಸುತನವೂ ಸರಿಯಿದೆ, ಮೈಕ್ರೋಸ್ಕೋಪಿನ ಫೋಟೋ ಕೂಡ ಚೆನ್ನಾಗಿ ಬಂದಿದೆ ಎಂದಿರಿ. ನಾನು ಆ ಫೋಟೋವನ್ನೇ ನಂಬಿಕೊಂಡು ಕೂತವನು. ಒಳಗೆ ಅಷ್ಟು ಚೆನ್ನಾಗಿದ್ದ ಬೋಲ್ಟು ಯಾಕೆ ಮುರಿಯಿತು? ಓದಿದವರು ನೀವು, ಹೇಳಿ.

ಇಂತಿ,
ಮರಿಯಪ್ಪ


ಬಸವೇಶ್ವರನಗರ
19 ಆಗಸ್ಟ್ 2024

ಮರಿಯಪ್ಪನವರೇ,

ನಿಮ್ಮ ಪ್ರಶ್ನೆಗೆ ಎಂಟು ವಾರ ಉತ್ತರ ಬರೆಯಲಿಲ್ಲ. ಜ್ವರ ಬಂದಿತ್ತು ಎಂದು ಬರೆಯೋಣ ಅಂದುಕೊಂಡಿದ್ದೆ. ಬಂದಿರಲಿಲ್ಲ.

ಆ ಫೋಟೋ ಆ ಬ್ಯಾಚಿನದಲ್ಲ.

ನೀವು ಒಮ್ಮೆ ಮಹಡಿಗೆ ಬಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, "ಪುರಿ ಚೆಲ್ಲಿದಂಗೈತಲ್ಲ ಮೇಡಂ" ಅಂದಿದ್ದಿರಿ. ಅಂದಿನಿಂದ ನನಗೂ ಅದು ಪುರಿಯೇ. ಒಂಬೈನೂರ ಐವತ್ತೈದರಲ್ಲಿ ಕಾಯಿಸಿ ನೀರಿಗೆ ಅದ್ದಿದರೆ ಆ ಬಿಳಿ ಕಾಳುಗಳು, ನಾವು ಆಲ್ಫಾ ಎನ್ನುವುದು, ಹಾಗೇ ಉಳಿಯುತ್ತವೆ. ಅವುಗಳ ನಡುವೆ ಇರುವ ಬೀಟಾ ನೀರಿಗೆ ಬಿದ್ದು, ಆಮೇಲೆ ಐನೂರ ನಲವತ್ತರಲ್ಲಿ ನಾಲ್ಕು ಗಂಟೆ ಕೂತು ಗಟ್ಟಿಯಾಗುತ್ತದೆ. ಎರಡೂ ಇದ್ದರೇ ಬೋಲ್ಟು ಬಾಳುವುದು. ಆದರೆ ಒಂಬೈನೂರ ತೊಂಬತ್ತೈದರ ಆಸುಪಾಸಿನಲ್ಲಿ ಒಂದು ಗಡಿಯಿದೆ. ಅದನ್ನು ದಾಟಿದರೆ ಪುರಿಕಾಳೆಲ್ಲ ಕರಗಿ ಹೋಗುತ್ತದೆ, ಬೀಟಾದ ಕಣಗಳು ಮಿತಿಮೀರಿ ದೊಡ್ಡದಾಗುತ್ತವೆ, ನೀರಿಗೆ ಬಿದ್ದಾಗ ಅವುಗಳೊಳಗೆ ಬರೀ ಸೂಜಿಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಳ್ಳುತ್ತವೆ. ಮತ್ತೆ ಎಷ್ಟು ಸಲ ಹದವಾಗಿ ಕಾಯಿಸಿದರೂ ಆ ಕಾಳುಗಳು ವಾಪಸು ಬರುವುದಿಲ್ಲ. ಆ ಸೋಮವಾರ ನಾನು ಕಂಡದ್ದು ಸೂಜಿಗಳನ್ನು. ಮೂರು ಕಡೆ ಕತ್ತರಿಸಿ ನೋಡಿದೆ, ಮೂರು ಕಡೆಯೂ ಸೂಜಿಗಳೇ.

ಗಡಸುತನ ಮಾತ್ರ ಮೂವತ್ತೊಂಬತ್ತು ಬಂದಿತ್ತು, ಮಿತಿಯೊಳಗೆ. ಆ ಯಂತ್ರ ಲೋಹವನ್ನು ಒತ್ತಿ ನೋಡುತ್ತದೆ, ಅಷ್ಟೇ. ಪುರಿಯಾದರೇನು ಸೂಜಿಯಾದರೇನು, ಅದರ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಸಾವಿರ ಸಲ ಎಳೆದು ಬಿಟ್ಟಾಗ ಇಂಥ ಬೋಲ್ಟು ಬೇಗ ಬಿರುಕು ಬಿಡುತ್ತದೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ನನಗೆ ತಿಳಿದಿತ್ತು.

ಕೆಳಗೆ ವ್ಯಾನು ನಿಂತಿತ್ತು. ಸಂಪತ್ ಸಾರ್ ಮಾಲೀಕರಾಗಿಯೂ ತಾವೇ ಎರಡು ಸಲ ಮೇಲೆ ಬಂದು, "ನಂಬರ್ ಬಂತಾ ಮೇಡಂ" ಎಂದು ಕೇಳಿದ್ದರು. ನಂಬರ್ ಬಂದಿತ್ತಲ್ಲ, ಅದನ್ನು ಬರೆದೆ. ಫೋಟೋದ ಜಾಗಕ್ಕೆ ಅದಕ್ಕೂ ಎರಡು ತಿಂಗಳ ಹಿಂದಿನ ಒಂದು ಒಳ್ಳೆಯ ಬ್ಯಾಚಿನ ಫೋಟೋ ಅಂಟಿಸಿ ಸಹಿ ಹಾಕಿದೆ.

ಫೆಬ್ರವರಿಯಲ್ಲಿ ಗಿರಾಕಿ ಕಂಪನಿಯವರು ಮುರಿದ ಬೋಲ್ಟು ತಂದು ಮೇಜಿನ ಮೇಲಿಟ್ಟರು. ಪರೀಕ್ಷೆಯಲ್ಲೇ ಸಿಕ್ಕಿತು, ನೂರಿಪ್ಪತ್ತರಲ್ಲಿ ಒಂದೂ ವಿಮಾನ ಹತ್ತಲಿಲ್ಲ, ಅಷ್ಟು ಪುಣ್ಯ. ನಿಮ್ಮ ಫೋಟೋದಲ್ಲಿ ಚೆನ್ನಾಗಿದೆಯಲ್ಲ ಎಂದು ಅವರು ನನ್ನನ್ನು ಕೇಳಿದರು. ನಾನು ಏನು ಹೇಳಿದೆ ಎಂಬುದನ್ನು ನೀವು ಅಲ್ಲೇ ನಿಂತು ಕೇಳಿಸಿಕೊಂಡಿರಿ. "ನನ್ನ ಸ್ಯಾಂಪಲ್ ಚೆನ್ನಾಗಿತ್ತು ಸಾರ್. ಟ್ರೇಯಲ್ಲಿ ಜೋಡಿಸಿದ್ದು ಸರಿ ಇರ್ಲಿಲ್ವೇನೋ." ನೀವು ತಲೆಯೆತ್ತಲಿಲ್ಲ, ಚಪ್ಪಲಿ ನೋಡುತ್ತ ನಿಂತಿದ್ದಿರಿ. ನಾನು ಹೇಳಿದ ಆ ಒಂದು ಮಾತಿಗೆ ನಿಮ್ಮ ಇಪ್ಪತ್ತಾರು ವರ್ಷ ಹೋಯಿತು.

ನನಗೆ ನಾಚಿಕೆಯಾಗುತ್ತಿದೆ ಮರಿಯಪ್ಪನವರೇ. ಕ್ಷಮಿಸಿ ಎಂದು ಕೇಳುವ ಮುಖವೂ ಇಲ್ಲ. ಸದ್ಯಕ್ಕೆ ಇಷ್ಟೇ ಬರೆಯಲು ಆಗುತ್ತಿರುವುದು.

ವತ್ಸಲಾ


ಹೆಗ್ಗನಹಳ್ಳಿ
2 ಸೆಪ್ಟೆಂಬರ್ 2024

ಆಂಟಿ, ನಾನು ರಮ್ಯ. ಇದು ನಮ್ಮ ಅತ್ತೆ ಹೇಳಿ ಬರೆಸುತ್ತಿರುವ ಕಾಗದ. ಹೇಳಿದ್ದನ್ನು ಹೇಳಿದ ಹಾಗೇ ಬರಿ, ನಯ ಮಾಡಬೇಡ ಎಂದಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ.

ಏನಮ್ಮ ವತ್ಸಲಮ್ಮ, ಚೆನ್ನಾಗಿದೀಯಾ? ನಾವು ಚೆನ್ನಾಗಿಲ್ಲ. ಅವರೆಕಾಯಿ ಕಾಲ ಬಂದ್ರೆ ಹಿದುಕಿದ ಬೇಳೆ ಸಾರು ಮೊದಲು ನಿನ್ನ ಡಬ್ಬಿಗೆ ತುಂಬ್ತಿದ್ದೆ, ಆಮೇಲೆ ಮನೆಯವ್ರಿಗೆ. ಉಂಡವಳು ನೀನು. ನಮ್ಮನೆಯವ್ರನ್ನ ಬೀದೀಗೆ ನಿಲ್ಲಿಸ್ದವಳೂ ನೀನೇ. ನಂಗೆ ನಿನ್ ಸೂಜಿ, ಪುರಿ ಒಂದೂ ಅರ್ಥ ಆಗಲ್ಲ. ಮಾಡ್ದಿರೋ ತಪ್ಪನ್ನ ಹೊತ್ಕೊಂಡ್ ಬಂದವ್ರೆ ಅನ್ನೋದ್ ಅರ್ಥ ಆಯ್ತು.

ಕಾಗದ ನಮ್ಗೂ ಕೇಳೋ ಹಂಗೆ ಓದಿ ಜೇಬಿಗ್ ಇಟ್ಕೊಂಡ್ರು. ಮೂರ್ ದಿನ ಆಯ್ತು, ಸರಿಯಾಗಿ ಉಂಡಿಲ್ಲ. "ಹಂಗಾದ್ರೆ ಆ ಫೋಟೋ ಇರ್ಲೇ ಇಲ್ವಾ, ಆ ಫೋಟೋ ಇರ್ಲೇ ಇಲ್ವಾ" ಅಂತ ಅದನ್ನೇ ಹೇಳ್ತಾ ಕೂತವ್ರೆ. ನೀನ್ ಮೋಸ ಮಾಡ್ದೆ ಅಂತ ಕೂಡ ಬೈತಿಲ್ಲ. ಬೈದಿದ್ರೆ ನಂಗೆ ಸಮಾಧಾನ ಆಗ್ತಿತ್ತು.

ಕಾಗದ ಬರ್ಕೊಂಡು ಅತ್ರೆ ಏನ್ ಬಂತು? ನಾಲ್ಕ್ ಜನದ ಮುಂದೆ ಹೇಳಿ ಕೆಡಿಸ್ದೆ, ನಾಲ್ಕ್ ಜನದ ಮುಂದೇನೇ ಹೇಳಿ ಸರಿ ಮಾಡು. ಆಮೇಲೆ ನಮ್ ಮನೆ ಮೆಟ್ಲು ಹತ್ತು.

ಬೋರಮ್ಮ

ಆಂಟಿ, ಅತ್ತೆ ಇವತ್ತಿನ ತನಕ ನಿಮ್ಮನ್ನು ಏಕವಚನದಲ್ಲಿ ಕರೆದದ್ದಿಲ್ಲ. ಬರೆಸಿ ಮುಗಿಸಿ ಅಡುಗೆಮನೆಗೆ ಹೋಗಿ ಅಳುತ್ತಿದ್ದಾರೆ. ಈ ಕಾಗದದ ವಿಷಯ ಮಾವನಿಗೆ ಗೊತ್ತಿಲ್ಲ. ರಮ್ಯ


ಬಸವೇಶ್ವರನಗರ
27 ಸೆಪ್ಟೆಂಬರ್ 2024

ಮರಿಯಪ್ಪನವರೇ,

ಬೋರಮ್ಮನವರು ಒಂದು ಕಾಗದ ಬರೆಸಿದ್ದರು. ಅವರ ಮೇಲೆ ಸಿಟ್ಟಾಗಬೇಡಿ. ನನ್ನನ್ನು ಈ ವಯಸ್ಸಿನಲ್ಲಿ ಬೈದು ಬುದ್ಧಿ ಹೇಳುವವರು ಬೇರೆ ಯಾರೂ ಉಳಿದಿಲ್ಲ.

ಮೊನ್ನೆ ಬುಧವಾರ ಊಟದ ಹೊತ್ತಿಗೆ ಎಲ್ಲರೂ ಕೆಳಗಿದ್ದಾಗ ಸಂಪತ್ ಸಾರ್ ಮುಂದೆ ನಿಂತು ಹೇಳಿದೆ. ಬರೆದೂ ಕೊಟ್ಟೆ. ಫೋಟೋ ಬದಲಿಸಿದ್ದು ಒಂದೇ ಅಲ್ಲ, ಅದಕ್ಕೂ ಹಿಂದಿನದನ್ನು ಕೂಡ. ನಿಮಗೆ ಬರೆದ ಕಾಗದದಲ್ಲಿ ಅದನ್ನು ನುಂಗಿಕೊಂಡಿದ್ದೆ. ತಪ್ಪು ಒಪ್ಪಿಕೊಳ್ಳುವಾಗಲೂ ಅರ್ಧ ಉಳಿಸಿಕೊಳ್ಳುವ ಬುದ್ಧಿ ನನ್ನದು.

ಪ್ರತಿ ವರ್ಷ ಆಯುಧಪೂಜೆಗೆ ಫರ್ನೇಸಿನ ಥರ್ಮೋಕಪಲ್ ಕಡ್ಡಿಯನ್ನು ಹೊರಗೆ ತೆಗೆದು, ಒರೆಸಿ, ವಿಭೂತಿ ಹಚ್ಚಿ ಪೂಜೆಗಿಡುತ್ತಿದ್ದವರು ನೀವು. ಮೀಟರಿಗೆ ಶಾಖ ಹೇಳುವುದು ಅದೇ, ಅದಕ್ಕೇ ಮೊದಲ ಕುಂಕುಮ ಎನ್ನುತ್ತಿದ್ದಿರಿ. ಹೋದ ವರ್ಷ ನಿಮ್ಮ ಅಣ್ಣ ತೀರಿಕೊಂಡು ನಿಮಗೆ ಸೂತಕ. ಈ ಸಲ ನಾನು ಮಾಡುತ್ತೇನೆ ಎಂದು ಮುಂದೆ ಬಂದೆ. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಪೂಜೆಯಾದ ಮೇಲೆ ಫರ್ನೇಸಿನ ಹಿಂಬದಿಯಲ್ಲಿ ಕಡ್ಡಿಯನ್ನು ನಾನೇ ಒಳಗೆ ತೂರಿಸಿದೆ. ಎಲ್ಲೋ ತಡೆಯಿತು. ಅಷ್ಟೇ ಇರಬೇಕು ಎಂದುಕೊಂಡೆ. ಹೊರಗುಳಿದ ಭಾಗಕ್ಕೆ ಸೇವಂತಿಗೆ ಸರ ಎರಡು ಸುತ್ತು ಸುತ್ತಿ, ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಹದಿನೇಳು ಜನ ಕೈಮುಗಿದರು.

ಆ ಕಡ್ಡಿ ಹೊರಗಿರಬೇಕಾದದ್ದು ನಾಲ್ಕು ಬೆರಳು. ಸರ ಸುತ್ತಲು ಅಲ್ಲಿ ಜಾಗವೇ ಇರುವುದಿಲ್ಲ. ಗೇಣುದ್ದ ಹೊರಗಿತ್ತು ಮರಿಯಪ್ಪನವರೇ. ಅದರ ತುದಿ ಗೋಡೆಯ ಹತ್ತಿರ ತಂಪಿನಲ್ಲಿ ಉಳಿಯಿತು. ನೀವು ಬರುವ ತನಕ ಆ ಫರ್ನೇಸ್ ಹಚ್ಚುವವರು ಬೇರೆ ಯಾರೂ ಇರಲಿಲ್ಲ. ಶನಿವಾರ ನೀವು ಬಂದು ಹಚ್ಚಿದಿರಿ. ಮೀಟರು ಒಂಬೈನೂರ ಐವತ್ತೈದು ಎಂದು ಹೇಳುತ್ತಿದ್ದಾಗ ಬೋಲ್ಟುಗಳು ಸಾವಿರ ದಾಟಿದ್ದವು. ನಿಮ್ಮ ಕಣ್ಣು ಕಂಡದ್ದು ನಿಜ. ನಾನು ಆ ಕಣ್ಣನ್ನು ನೋಡಿ ನಕ್ಕೆ.

ಸೋಮವಾರ ಸೂಜಿಗಳನ್ನು ಕಂಡ ತಕ್ಷಣ ಕೆಳಗೆ ಓಡಿ ಹೋಗಿ ಕಡ್ಡಿ ನೋಡಿದೆ. ಅದು ಸರಿಯಾಗಿ ಒಳಗಿತ್ತು, ನಾಲ್ಕೇ ಬೆರಳು ಹೊರಗೆ. ಸದ್ಯ, ನನ್ನ ಕೈಯಿಂದ ಆದದ್ದಲ್ಲ ಎಂದು ಉಸಿರು ಬಿಟ್ಟೆ. ಮರಿಯಪ್ಪನೇ ಏನೋ ಎಡವಟ್ಟು ಮಾಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ವಿಚಾರಣೆಯ ಹಿಂದಿನ ದಿನ ಫೋನಿನಲ್ಲಿ ಆ ಪೂಜೆಯ ಫೋಟೋ ಕಣ್ಣಿಗೆ ಬಿತ್ತು. ಸರವೂ ಕಂಡಿತು, ಗೇಣೂ ಕಂಡಿತು. ಅಳಿಸಿ ಹಾಕಿದೆ. ಮಾರನೆಯ ದಿನ ಎಲ್ಲ ತಿಳಿದೇ ನಿಮ್ಮ ಮೇಲೆ ಹಾಕಿದೆ. ನನ್ನಲ್ಲಿ ಅಳಿಸಿದ್ದು ಉಳಿದ ಹದಿನೇಳು ಜನರ ಫೋನಿನಲ್ಲಿ ಇನ್ನೂ ಇದೆ. ಸಂಪತ್ ಸಾರ್ ತಮ್ಮ ಫೋನಿನಲ್ಲೇ ಹುಡುಕಿ ನೋಡಿದರು.

ಕಡ್ಡಿ ಆಮೇಲೆ ಹೇಗೆ ಒಳಗೆ ಹೋಯಿತು ಎಂದು ಅವರು ಕೇಳಿದರು. ಬಾಗಿಲು ತೆಗೆದು ಹಾಕುವಾಗ ಅದುರಿ ತಾನಾಗಿ ಜಾರಿರಬೇಕು ಎಂದೆ. ಬೇರೆ ಏನೂ ತೋಚಲಿಲ್ಲ.

"ಏನ್ ಮೇಡಂ ನೀವು, ನಿಮ್ಮ ಸಹಿ ನೋಡಿ ಕಣ್ಣುಮುಚ್ಚಿ ಕಳಿಸ್ತಿದ್ನಲ್ಲ" ಎಂದರು ಸಂಪತ್ ಸಾರ್. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನಿನ್ನು ಲ್ಯಾಬಿಗೆ ಹೋಗುವ ಹಾಗಿಲ್ಲ. ಗಿರಾಕಿ ಕಂಪನಿಗೂ ತಿಳಿಸಿದ್ದಾರೆ, ನನ್ನ ಹಳೆಯ ಸಹಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಾರಂತೆ. ನೋಡಲಿ. ಇದೊಂದೇ ಎಂದು ನಾನು ಹೇಳಿದರೆ ಯಾರು ನಂಬಬೇಕು?

ನಿಮ್ಮನ್ನು ಈ ಆಯುಧಪೂಜೆಗೆ ಕರೆಯುತ್ತಾರೆ. ದಯವಿಟ್ಟು ಹೋಗಿ. ತಪ್ಪು ನನ್ನೊಬ್ಬಳದೇ ಎಂದು ಬರೆದು ಕೊಟ್ಟಿದ್ದೇನೆ. ನೀವು ತಲೆಯೆತ್ತಿಕೊಂಡು ಹೋಗಿ.

ವತ್ಸಲಾ


ಹೆಗ್ಗನಹಳ್ಳಿ
14 ಅಕ್ಟೋಬರ್ 2024

ವತ್ಸಲಾ ಮೇಡಂ ಅವರಿಗೆ,

ಶುಕ್ರವಾರ ಹೋಗಿದ್ದೆ. ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಂಪತ್ ಸಾರ್ ಮೈಕು ಹಿಡಿದು, "ನಮ್ಮ ಮರಿಯಪ್ಪನ ಕಣ್ಣು ಮೀಟರ್‌ಗಿಂತ ಕರೆಕ್ಟು" ಎಂದರು. ಎಲ್ಲ ಚಪ್ಪಾಳೆ ತಟ್ಟಿದರು. ಕೊಟ್ರೇಶ್ ಕಾಲಿಗೆ ಬಿದ್ದ. ನೀವು ಅಲ್ಲಿರಲಿಲ್ಲ. ನಿಮ್ಮ ಹೆಸರನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಡ್ಡಿ ತಾನಾಗಿ ಜಾರಲಿಲ್ಲ ಮೇಡಂ. ನಾನು ತಳ್ಳಿದ್ದು.

ಶನಿವಾರ ಕಂಡ ಬಣ್ಣ ನನ್ನ ತಲೆಯಿಂದ ಹೋಗಿರಲಿಲ್ಲ. ಭಾನುವಾರ ಬೆಳಿಗ್ಗೆ ವಾಚ್‌ಮನ್ ಹತ್ತಿರ ಬೀಗದ ಕೈ ಇಸಿದುಕೊಂಡು ಒಬ್ಬನೇ ಒಳಗೆ ಹೋದೆ. ಫರ್ನೇಸ್ ಹಿಂದೆ ಗೇಣುದ್ದ ಕಡ್ಡಿ ಹೊರಗಿತ್ತು. ಯಾರು ಹಾಗೆ ಇಟ್ಟರು ಎಂದು ನಾನು ಯೋಚಿಸಲೇ ಇಲ್ಲ. ಹಚ್ಚುವ ಮುಂಚೆ ಹಿಂದೆ ಹೋಗಿ ಕಡ್ಡಿ ನೋಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಶನಿವಾರ ಅಣ್ಣನ ತಿಥಿ ಮುಗಿಸಿ ನೇರ ಬಂದಿದ್ದೆ, ತಲೆ ನೆಟ್ಟಗಿರಲಿಲ್ಲ, ನೋಡಲಿಲ್ಲ. ಕಡ್ಡಿಯನ್ನು ಒಳಗೆ ತಳ್ಳಿ ಮನೆಗೆ ಬಂದುಬಿಟ್ಟೆ.

ಸೋಮವಾರ ನಿಮಗೆ ಹೇಳಲೆಂದೇ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ನೀವು ಇಳಿದು ಬಂದು ಫೋಟೋ ಚೆನ್ನಾಗಿದೆ ಎಂದಿರಿ. ಹೋದ ಜೀವ ಬಂದ ಹಾಗಾಯಿತು. ಕಡ್ಡಿ ಹೊರಗಿದ್ದರೂ ಬೋಲ್ಟಿಗೆ ಏನೂ ಆಗಿಲ್ಲ, ದೇವರು ಕಾಪಾಡಿದ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ನೀವು ನಿಜ ಹೇಳಿದ್ದರೆ ನಾನೂ ಹೇಳುತ್ತಿದ್ದೆ ಎಂದು ಇಲ್ಲಿ ಬರೆದೆ, ಆಮೇಲೆ ಹೊಡೆದು ಹಾಕಿದೆ. ಹೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ವಿಚಾರಣೆಯಲ್ಲಿ ಚಪ್ಪಲಿ ನೋಡುತ್ತ ನಿಂತಿದ್ದೆನಲ್ಲ, ನೀವು ನನ್ನನ್ನು ಪಾಪದವನು ಅಂದುಕೊಂಡಿದ್ದೀರಿ. ಕಡ್ಡಿಯ ಮಾತು ಬರದಿದ್ದರೆ ಸಾಕು ಎಂದು ನಿಂತಿದ್ದೆ. ಜೋಡಿಸಿದ್ದು ಸರಿಯಿಲ್ಲ ಎನ್ನುವುದು ಸಣ್ಣ ತಪ್ಪು. ಕಡ್ಡಿ ನೋಡದೆ ಹಚ್ಚುವುದು, ನೋಡಿದ ಮೇಲೆ ಮುಚ್ಚುವುದು ಸಣ್ಣದಲ್ಲ. ಸಣ್ಣದನ್ನು ಒಪ್ಪಿಕೊಂಡು ಮನೆಗೆ ಬಂದೆ, ಎಂಟು ತಿಂಗಳು ಅನ್ಯಾಯವಾದವನ ಹಾಗೆ ಕೂತೆ. ಬೋರಮ್ಮ ನಿಮ್ಮನ್ನು ಬೈದಾಗಲೂ ಸುಮ್ಮನಿದ್ದೆ. ಅವಳ ಕಾಗದದ ವಿಷಯ ನನಗೆ ಗೊತ್ತಿತ್ತು, ರಮ್ಯ ಬರೆಯುವಾಗ ನಾನು ಹಜಾರದಲ್ಲೇ ಇದ್ದೆ.

ಶುಕ್ರವಾರ ಹೇಳಬೇಕೆಂದು ಹೋಗಿದ್ದೆ. ಶಾಲು ಹೊದಿಸಿದ ಮೇಲೆ ಬಾಯಿ ಬರಲಿಲ್ಲ. ಈಗ ಅದನ್ನು ಬೋರಮ್ಮ ಹಜಾರದ ಕುರ್ಚಿಯ ಮೇಲೆ ಹಾಕಿದ್ದಾಳೆ, ಬಂದವರೆಲ್ಲ ಮುಟ್ಟಿ ನೋಡುತ್ತಾರೆ. ಆ ಕುರ್ಚಿಯಲ್ಲಿ ಕೂರಲು ನನಗಾಗುತ್ತಿಲ್ಲ. ಬೋರಮ್ಮನಿಗೆ ನಿಮ್ಮ ಮೇಲೆ ಈಗ ಕೋಪವಿಲ್ಲ, ಅವರೆಕಾಯಿ ಬರಲಿ ಎನ್ನುತ್ತಿದ್ದಾಳೆ. ಅವಳಿಗೆ ಇದು ಯಾವುದೂ ತಿಳಿಯದು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಸಂಪತ್ ಸಾರ್ ಅವರಿಗೆ ಬರೆದದ್ದು. ಕಡ್ಡಿ ತಳ್ಳಿದ್ದು, ಮುಚ್ಚಿಟ್ಟದ್ದು, ಎಲ್ಲ ಅದರಲ್ಲಿದೆ. ತಪ್ಪು ನಿಮ್ಮೊಬ್ಬರದು ಎಂದು ನೀವು ಬರೆದುಕೊಟ್ಟದ್ದು ನಿಜವಲ್ಲ, ಅದನ್ನೂ ಬರೆದಿದ್ದೇನೆ. ಓದಿ, ಏನಾದರೂ ಬಿಟ್ಟಿದ್ದರೆ ಸೇರಿಸಿ, ವಾಪಸು ಕಳಿಸಿ. ಬಂದ ದಿನವೇ ಹೋಗಿ ಕೊಡುತ್ತೇನೆ.

ನಿಮ್ಮ ಸ್ವಭಾವ ನನಗೆ ಗೊತ್ತು. ಈ ವಯಸ್ಸಿನಲ್ಲಿ ಯಾಕೆ ಮರಿಯಪ್ಪನವರೇ, ಆದದ್ದು ಆಯಿತು, ಒಬ್ಬಳ ಹೆಸರು ಕೆಟ್ಟದ್ದು ಸಾಕು, ಹರಿದು ಹಾಕಿ ಎಂದು ಬರೆಯುತ್ತೀರಿ. ಕೈಮುಗಿದು ಕೇಳುತ್ತೇನೆ, ಹಾಗೆ ಮಾತ್ರ ಬರೆಯಬೇಡಿ. ನೀವು ಬರೆದರೆ ನಾನು ಹರಿದು ಹಾಕಿಬಿಡುತ್ತೇನೆ.

ಮರಿಯಪ್ಪ